ಗ್ಯಾರೇಜಿನ ಹಳೇ ರಿಯೋ ಲಾನ್ ಮೂವರ್‌ಗೂ ರಿಯೋ ಸ್ಪೀಡ್‌ವ್ಯಾಗನ್ ಬ್ಯಾಂಡಿಗೂ ನಂಟು ಇದೆಯಾ?

ಪ್ರಶ್ನೆ: ಮಿಷಿಗನ್‌ನಲ್ಲಿ ಒಂದು ಹಳೇ ಮನೆ ಕೊಂಡಿದ್ದೇವೆ. ಗ್ಯಾರೇಜಿನ ಮೂಲೆಯಲ್ಲಿ ಪೆಟ್ರೋಲ್ ಎಂಜಿನ್ ಇರುವ ರೀಲ್ ಲಾನ್ ಮೂವರ್, ಅಂದರೆ ಹುಲ್ಲು ಕತ್ತರಿಸುವ ಮೆಷಿನ್, ಸಿಕ್ಕಿತು. ಅದರ ಪ್ಲೇಟಿನ ಮೇಲೆ ಆರ್, ಈ, ಓ ಅಂತ ಮೂರು ಅಕ್ಷರ, ಜೊತೆಗೆ ಲ್ಯಾನ್ಸಿಂಗ್ ಊರಿನ ಹೆಸರು. ಬಿಡಿಭಾಗಕ್ಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬರುವುದೆಲ್ಲ ಒಂದು ರಾಕ್ ಬ್ಯಾಂಡಿನ ಹಾಡುಗಳು. ಇವೆರಡಕ್ಕೂ ಏನಾದರೂ ಸಂಬಂಧ ಇದೆಯಾ, ಅಥವಾ ಹೆಸರು ಸುಮ್ನೆ ಒಂದೇ ಆಗಿದೆಯಾ? ಹಗ್ಗ ಎಳೆದರೆ ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುತ್ತಿಲ್ಲ. ರಿಪೇರಿ ಮಾಡಿಸಬಹುದಾ, ಗುಜರಿಗೆ ಹಾಕಬೇಕಾ?

ಉತ್ತರ: ಗುಜರಿಗೆ ಖಂಡಿತ ಹಾಕಬೇಡಿ. ಎಂಜಿನ್ ಕೈಯಲ್ಲಿ ತಿರುಗುತ್ತಿದೆ ಅಂದರೆ ಪಿಸ್ಟನ್ ಜಾಮ್ ಆಗಿಲ್ಲ. ಇಷ್ಟು ವರ್ಷ ಮೂಲೆಯಲ್ಲಿ ನಿಂತ ಮೆಷಿನ್‌ಗೆ ಇದೇ ದೊಡ್ಡ ಮಾತು. ಉಳಿದದ್ದರಲ್ಲಿ ಹೆಚ್ಚಿನದನ್ನು ನೀವೇ ಮಾಡಿಕೊಳ್ಳಬಹುದು.

ನಂಟಿನ ವಿಷಯಕ್ಕೆ ಬಂದರೆ, ಇದೆ. ಬ್ಯಾಂಡಿನ ಹೆಸರೂ ನಿಮ್ಮ ಮೂವರಿನ ಹೆಸರೂ ಒಂದೇ ಕಂಪನಿಯಿಂದ ಬಂದವು. ಆ ಕಂಪನಿಯ ಹೆಸರು ಬಂದದ್ದು ಒಬ್ಬ ಮನುಷ್ಯನಿಂದ.

ಅವರು ರಾನ್ಸಮ್ ಈಲೈ ಓಲ್ಡ್ಸ್. ಹುಟ್ಟಿದ್ದು 1864ರಲ್ಲಿ, ಒಹಾಯೋದಲ್ಲಿ. ಬೆಳೆದು ಕೆಲಸ ಕಲಿತದ್ದು ಲ್ಯಾನ್ಸಿಂಗ್‌ನಲ್ಲಿ, ತಂದೆ ಪ್ಲೈನಿ ಓಲ್ಡ್ಸ್ ನಡೆಸುತ್ತಿದ್ದ ವರ್ಕ್‌ಶಾಪಿನಲ್ಲಿ. ಅಲ್ಲಿ ಮೊದಲು ಸ್ಟೀಮ್ ಎಂಜಿನ್, ಆಮೇಲೆ ಪೆಟ್ರೋಲ್ ಎಂಜಿನ್ ಮಾಡುತ್ತಿದ್ದರು. ಕಾರು ಬಂದದ್ದು ಅದಾದ ಮೇಲೆ. ಓಲ್ಡ್ಸ್‌ಮೊಬೈಲ್ ಕಾರುಗಳ ಹೆಸರಿನಲ್ಲಿರುವ ಓಲ್ಡ್ಸ್ ಇವರೇ. 1901ರಲ್ಲಿ ಬಂದ ಕರ್ವ್ಡ್ ಡ್ಯಾಶ್ ಅನ್ನುವ ಚಿಕ್ಕ ಕಾರು ಅಮೆರಿಕದಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೆಟ್ರೋಲ್ ಕಾರು. ಫೋರ್ಡ್ ಮಾಡೆಲ್ ಟಿ ಬರಲು ಆಗ ಇನ್ನೂ ಏಳು ವರ್ಷ ಇತ್ತು.

ಆದರೆ ಬಂಡವಾಳ ಹಾಕಿದವರ ಜೊತೆ ಅವರಿಗೆ ಹೊಂದಿಕೆ ಆಗಲಿಲ್ಲ. 1904ರಲ್ಲಿ ತಾವೇ ಕಟ್ಟಿದ ಕಂಪನಿ ಬಿಟ್ಟು ಹೊರಬಂದರು, ಅದೇ ಊರಿನಲ್ಲಿ ಇನ್ನೊಂದು ಕಂಪನಿ ಶುರು ಮಾಡಿದರು. ಅದಕ್ಕೆ ತಮ್ಮದೇ ಹೆಸರು ಇಡಲು ಹೋದಾಗ ಹಳೇ ಕಂಪನಿಯವರು ಅಡ್ಡ ಬಂದರು. ಓಲ್ಡ್ಸ್ ಅನ್ನುವ ಹೆಸರು ಮಾರುಕಟ್ಟೆಯಲ್ಲಿ ಆಗಲೇ ಅವರ ಸ್ವತ್ತಾಗಿತ್ತು. ಸ್ವಂತ ಹೆಸರನ್ನೇ ಬಳಸುವ ಹಾಗಿಲ್ಲ ಅಂದಾಗ ಓಲ್ಡ್ಸ್ ತಮ್ಮ ಹೆಸರಿನ ಮೂರು ಮೊದಲಕ್ಷರ ಜೋಡಿಸಿದರು. ರಿಯೋ ಮೋಟಾರ್ ಕಾರ್ ಕಂಪನಿ ಹುಟ್ಟಿದ್ದು ಹೀಗೆ. ನಿಮ್ಮ ಪ್ಲೇಟಿನ ಮೇಲಿರುವುದು ಅದೇ ಮೂರು ಅಕ್ಷರ.

1915ರಲ್ಲಿ ರಿಯೋ ಒಂದು ಹಗುರ ಲಾರಿ ತಂದಿತು. ಹೆಸರು ಸ್ಪೀಡ್ ವ್ಯಾಗನ್. ಆ ಕಾಲದ ಸಾಮಾನು ಗಾಡಿಗಳೆಲ್ಲ ತೆವಳುತ್ತಿದ್ದವು. ಇದು ಕಾರಿನ ಹಾಗೆ ಗಾಳಿ ತುಂಬಿದ ಟೈರಿನ ಮೇಲೆ ಚುರುಕಾಗಿ ಓಡಿತು. ಹಾಲಿನವರು, ಅಂಗಡಿಯವರು, ಫೈರ್ ಸರ್ವಿಸಿನವರು ಎಲ್ಲರೂ ಕೊಂಡರು. ಇವತ್ತಿನ ಪಿಕಪ್ ಟ್ರಕ್‌ಗಳ ಹಿರಿಯರ ಪಟ್ಟಿ ಮಾಡಿದರೆ ಇದಕ್ಕೆ ಮುಂದಿನ ಸಾಲಿನಲ್ಲೇ ಜಾಗ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ರಿಯೋ 1936ರಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ಆಮೇಲೆ ಲಾರಿಯೇ ಅದರ ಮುಖ್ಯ ಕಸುಬು.

ಮೂವರ್ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಸೈನ್ಯದ ಲಾರಿಗಳ ಆರ್ಡರ್ ಇಳಿಯಿತು. ಅತ್ತ ನಗರಗಳ ಅಂಚಿನಲ್ಲಿ ಸಾಲುಸಾಲು ಹೊಸ ಮನೆ, ಪ್ರತಿ ಮನೆ ಮುಂದೂ ಹುಲ್ಲುಹಾಸು. ಅದಕ್ಕೆ ಮೊದಲು ಎಂಜಿನ್ ಮೂವರ್ ಇದ್ದದ್ದು ದೊಡ್ಡ ಎಸ್ಟೇಟುಗಳಲ್ಲಿ, ಗಾಲ್ಫ್ ಮೈದಾನಗಳಲ್ಲಿ. ಸಾಮಾನ್ಯ ಜನ ಕೈಯಲ್ಲಿ ತಳ್ಳುತ್ತಿದ್ದರು. ಈಗ ಅವರಿಗೂ ಎಂಜಿನ್ ಬೇಕಾಯಿತು. ಲಾರಿ ಕಾರ್ಖಾನೆಯವರಿಗೆ ಎರಕ ಹೊಯ್ಯುವುದು, ಗೇರ್ ಕೊರೆಯುವುದು, ಎಂಜಿನ್ ಜೋಡಿಸುವುದು ಹೊಸದೇನಲ್ಲ. ಹೆಚ್ಚಿನ ಮೂವರ್ ಕಂಪನಿಗಳು ಎಂಜಿನ್ನನ್ನು ಹೊರಗಿನಿಂದ ತರಿಸುತ್ತಿದ್ದಾಗ ರಿಯೋ ತನ್ನದೇ ಚಿಕ್ಕ ಫೋರ್ ಸ್ಟ್ರೋಕ್ ಎಂಜಿನ್ ಮಾಡಿತು. ನಿಮ್ಮ ಮೆಷಿನ್ ಅಷ್ಟು ಭಾರ ಇರುವುದಕ್ಕೆ, ಇಷ್ಟು ವರ್ಷ ಆದರೂ ಎಂಜಿನ್ ತಿರುಗುತ್ತಿರುವುದಕ್ಕೆ ಇದೇ ಕಾರಣ. ಮೂವರುಗಳಿಗೆ ಹಳೇ ಕಾರಿನ ಹೆಸರನ್ನೂ ಇಟ್ಟರು. ರೊಯಾಲ್ ಅನ್ನುವುದು 1930ರ ದಶಕದ ಆರಂಭದ ರಿಯೋದ ದುಬಾರಿ ಕಾರು. ಅದೇ ಹೆಸರಿನ 21 ಇಂಚಿನ ರೀಲ್ ಮೂವರ್ ಆಮೇಲೆ ಮನೆ ಮನೆಗೆ ಹೋಯಿತು. ಓಲ್ಡ್ಸ್ ಅಷ್ಟರಲ್ಲಿ ಕಂಪನಿಯಿಂದ ದೂರ ಸರಿದಿದ್ದರು. 1950ರಲ್ಲಿ ಲ್ಯಾನ್ಸಿಂಗ್‌ನಲ್ಲೇ ತೀರಿಕೊಂಡರು.

ಆಮೇಲೆ ಕಂಪನಿ ಕೈ ಬದಲಾಯಿಸಿತು. ಬಿಡಿಭಾಗ ಹುಡುಕುವಾಗ ಬೇಕಾಗುತ್ತದೆ, ಹಾಗಾಗಿ ಇದನ್ನು ನೆನಪಿಡಿ. 1950ರ ದಶಕದ ಮಧ್ಯದಲ್ಲಿ ಮೂವರ್ ವಿಭಾಗವನ್ನು ಮೋಟಾರ್ ವೀಲ್ ಕಾರ್ಪೊರೇಶನ್ ಕೊಂಡಿತು. ಅದೂ ಲ್ಯಾನ್ಸಿಂಗ್‌ನದೇ. 1960ರ ದಶಕದ ಆರಂಭದಲ್ಲಿ ಅದು ವೀಲ್ ಹಾರ್ಸ್ ಕೈಗೆ ಹೋಯಿತು, ಇಂಡಿಯಾನಾದ ಸೌತ್ ಬೆಂಡ್‌ನ ಗಾರ್ಡನ್ ಟ್ರ್ಯಾಕ್ಟರ್ ಕಂಪನಿ. ವೀಲ್ ಹಾರ್ಸನ್ನು 1986ರಲ್ಲಿ ಟೋರೋ ಕೊಂಡಿತು. ಲಾರಿಯ ದಾರಿ ಬೇರೆ. 1957ರಲ್ಲಿ ವೈಟ್ ಮೋಟಾರ್ ಕಂಪನಿ ಅದನ್ನು ಕೊಂಡು, 1967ರಲ್ಲಿ ಡೈಮಂಡ್ ಟಿ ಅನ್ನುವ ಇನ್ನೊಂದು ಲಾರಿ ಬ್ರ್ಯಾಂಡಿನ ಜೊತೆ ಸೇರಿಸಿ ಡೈಮಂಡ್ ರಿಯೋ ಮಾಡಿತು. 1975ರ ಹೊತ್ತಿಗೆ ಅದು ದಿವಾಳಿ. ಲ್ಯಾನ್ಸಿಂಗ್‌ನ ಕಾರ್ಖಾನೆಯನ್ನು 1978ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು, 1980ರಲ್ಲಿ ಕೆಡವಿಯೂ ಬಿಟ್ಟರು. ಇದನ್ನು ಬರೆಯುವಾಗ ಈಗಲೂ ಬೇಜಾರಾಗುತ್ತದೆ.

ಇನ್ನು ಬ್ಯಾಂಡ್. 1967ರಲ್ಲಿ, ಲಾರಿಯ ಹೆಸರು ಡೈಮಂಡ್ ಜೊತೆ ಸೇರಿದ ಅದೇ ವರ್ಷ, ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಷಾಂಪೇನ್ ಊರಿನಲ್ಲಿ ಒಂದು ತಂಡ ಕಟ್ಟಿದರು. ಕೀಬೋರ್ಡ್ ನುಡಿಸುತ್ತಿದ್ದ ನೀಲ್ ಡೌಟಿ ಎಂಜಿನಿಯರಿಂಗ್ ಓದುತ್ತಿದ್ದರು. ತಂಡಕ್ಕೆ ಹೆಸರು ಹುಡುಕುತ್ತಿದ್ದಾಗಲೇ ಸಾರಿಗೆ ಇತಿಹಾಸದ ಕ್ಲಾಸಿಗೆ ಹೋದರು. ಬೋರ್ಡಿನ ಮೇಲೆ ಲಾರಿಯ ಹೆಸರು ಬರೆದಿತ್ತು. ಅದನ್ನೇ ತಂದು ಇಟ್ಟುಕೊಂಡರು. ಲಾರಿಯ ಹೆಸರಿನ ಕೊನೆಯ ಎರಡು ಪದವನ್ನು ಕೂಡಿಸಿ ಒಂದು ಮಾಡಿದರು, ಅಷ್ಟೇ. ಉಚ್ಚಾರ ಮಾತ್ರ ಬೇರೆ ಆಯಿತು. ಕಂಪನಿಯವರು ‘ರಿಯೋ’ ಅನ್ನುತ್ತಿದ್ದರು. ಬ್ಯಾಂಡಿನವರು ‘ಆರ್ ಈ ಓ’ ಅಂತ ಬಿಡಿಬಿಡಿಯಾಗಿ ಹೇಳುತ್ತಾರೆ. ನಾವು ಕನ್ನಡದಲ್ಲಿ ಎರಡನ್ನೂ ರಿಯೋ ಅಂತಲೇ ಬರೆಯುವುದರಿಂದ ಇಲ್ಲೂ ಹಾಗೇ ಬರೆದಿದ್ದೇನೆ. ನೀವು ಹಳೇ ಮೆಷಿನ್ ರಿಪೇರಿ ಮಾಡುವವರ ಹತ್ತಿರ ಹೋದಾಗ ‘ರಿಯೋ’ ಅನ್ನಿ. ಏನು ಕೇಳುತ್ತಿದ್ದೀರಿ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಅವರ ಮೊದಲ ಆಲ್ಬಂ 1971ರದು. ಊರೂರು ತಿರುಗಿ ಹಾಡಿ ನಿಧಾನವಾಗಿ ಮೇಲೆ ಬಂದ ತಂಡ ಅದು. 1980ರ ಕೊನೆಯಲ್ಲಿ ಬಂದ ‘ಹೈ ಇನ್‌ಫಿಡೆಲಿಟಿ’ ಆಲ್ಬಂ 1981ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಒಟ್ಟು 15 ವಾರ ಇತ್ತು. ನಿಮ್ಮ ಹುಡುಕಾಟದಲ್ಲಿ ಮೂವರ್ ಕಾಣದೇ ಹೋಗುವುದು ಇದಕ್ಕೇ. ಲಕ್ಷಾಂತರ ಮನೆಯಲ್ಲಿರುವ ರೆಕಾರ್ಡಿನ ಮುಂದೆ ಗ್ಯಾರೇಜಿನಲ್ಲಿ ಕೂತ ಮೆಷಿನ್ ಮೇಲೆ ಬರುವುದು ಕಷ್ಟ. ನನಗೆ ಆ ಬ್ಯಾಂಡ್ ತುಂಬಾ ಇಷ್ಟ. ಅದರಲ್ಲೂ 1970ರ ದಶಕದಲ್ಲಿ ಗ್ಯಾರಿ ರಿಕ್‌ರ್ಯಾತ್ ನುಡಿಸಿದ ಗಿಟಾರ್. ಒರಟು ದನಿ, ಆದರೆ ಒಂದು ಸ್ವರವೂ ವ್ಯರ್ಥ ಇಲ್ಲ.

ಹೆಸರು ಒಂದೇ ಇದ್ದಲ್ಲೆಲ್ಲ ನಂಟು ಇರುತ್ತದೆ ಅಂದುಕೊಳ್ಳಬೇಡಿ. ಎಕೋ ಅನ್ನುವ ಚೈನ್‌ಸಾ, ಟ್ರಿಮ್ಮರ್ ನೋಡಿರುತ್ತೀರಿ. ಅದು ಜಪಾನಿನ ಕಿಯೊರಿಟ್ಜ್ ಕಂಪನಿಯ ಬ್ರ್ಯಾಂಡ್, ಈಗ ಯಮಾಬಿಕೋ ಕಾರ್ಪೊರೇಶನ್‌ನದು. ಎಕೋ ಅಂಡ್ ದ ಬನ್ನಿಮೆನ್ 1978ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಶುರುವಾದ ಬ್ಯಾಂಡ್. ಇವೆರಡೂ ತಮ್ಮ ಪಾಡಿಗೆ ತಾವು ಬಂದವು.

ಹೀಗೆ ಹೆಸರು ಒಂದೇ ಆದರೂ ಕೋರ್ಟಿಗೆ ಹೋಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಸರಕು ಮತ್ತು ಸೇವೆಗಳಿಗೆ ಒಟ್ಟು 45 ವರ್ಗಗಳಿವೆ. ಎಂಜಿನ್ ಮೂವರ್ 7ನೇ ವರ್ಗ. ರೆಕಾರ್ಡ್ ಆದ ಸಂಗೀತ 9, ಸಂಗೀತ ಕಾರ್ಯಕ್ರಮ 41. ಕೊಳ್ಳುವವರಿಗೆ ಗೊಂದಲ ಆಗದಿದ್ದರೆ ಸಾಮಾನ್ಯವಾಗಿ ಎರಡೂ ಬದುಕುತ್ತವೆ. ಒಬ್ಬರ ವ್ಯಾಪಾರ ಇನ್ನೊಬ್ಬರ ಅಂಗಳಕ್ಕೆ ಕಾಲಿಟ್ಟಾಗ ಜಗಳ ಏಳುತ್ತದೆ. ಬೀಟಲ್ಸ್‌ನವರ ಆಪಲ್ ಕೋರ್ ಮತ್ತು ಆಪಲ್ ಕಂಪ್ಯೂಟರ್ 1981ರಲ್ಲಿ ಒಪ್ಪಂದ ಮಾಡಿಕೊಂಡವು, ನೀವು ಸಂಗೀತಕ್ಕೆ ಬರಬೇಡಿ, ನಾವು ಕಂಪ್ಯೂಟರಿಗೆ ಬರಲ್ಲ ಅಂತ. ಕಂಪ್ಯೂಟರ್ ಹಾಡತೊಡಗಿದ ಮೇಲೆ ಮತ್ತೆ ಮತ್ತೆ ಕೋರ್ಟ್ ಹತ್ತಿದರು. ಪೂರ್ತಿ ರಾಜಿ ಆದದ್ದು 2007ರಲ್ಲಿ.

ಈಗ ನಿಮ್ಮ ಮೆಷಿನ್. ಮೊಟ್ಟಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಚ್ಚಿ ದೂರ ಇಡಿ. ರೀಲ್ ಹತ್ತಿರ ಕೈ ಹಾಕುವ ಪ್ರತಿ ಸಲವೂ ಇದು ಆಗಲೇಬೇಕು. ಹಳೇ ಎಂಜಿನ್ ಸತ್ತಂತೆ ಕಂಡರೂ ಒಂದು ಕಿಡಿ ಸಾಕು ತಿರುಗಲು, ಬೆರಳು ಹೋಗುತ್ತದೆ.

ಹಳೇ ಆಯಿಲ್ ಪೂರ್ತಿ ಇಳಿಸಿ. ತಳದಲ್ಲಿ ಲೋಹದ ಚೂರು ಇದೆಯಾ ಅಂತ ಬೆರಳಿನಿಂದ ಉಜ್ಜಿ ನೋಡಿ. ಬರೀ ಕಪ್ಪು ಜಿಡ್ಡು ಇದ್ದರೆ ಚಿಂತೆ ಇಲ್ಲ. ಎಸ್‌ಎಇ 30 ಆಯಿಲ್ ಹಾಕಿ. ಪ್ಲಗ್ ಬಿಚ್ಚಿದ ತೂತಿನೊಳಗೆ ಒಂದು ಚಮಚ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಬಿಡಿ. ಮರುದಿನ ನಿಧಾನವಾಗಿ ಹಗ್ಗ ಎಳೆದು ತಿರುಗಿಸಿ.

ಆಮೇಲೆ ಕಿಡಿ. ಬಿಚ್ಚಿದ ಪ್ಲಗ್ಗಿಗೆ ಅದರ ವೈರ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ ಬ್ಲಾಕಿಗೆ ಒತ್ತಿ ಇಟ್ಟು ಹಗ್ಗ ಎಳೆಯಿರಿ. ಆ ತೂತಿನಿಂದ ಪ್ಲಗ್ ದೂರ ಇರಲಿ. ಸುತ್ತಮುತ್ತ ಪೆಟ್ರೋಲ್ ಇರಬಾರದು. ಕತ್ತಲಲ್ಲಿ ನೋಡಿದರೆ ನೀಲಿ ಕಿಡಿ ಚೆನ್ನಾಗಿ ಕಾಣುತ್ತದೆ. ಕಿಡಿ ಇಲ್ಲ ಅಂದರೆ ಹತ್ತಕ್ಕೆ ಎಂಟು ಸಲ ತಪ್ಪು ಪಾಯಿಂಟ್‌ಗಳದು. ಆ ಕಾಲದ ಎಂಜಿನ್ನಿನಲ್ಲಿ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕೆಳಗೆ ಎರಡು ಚಿಕ್ಕ ಲೋಹದ ತುದಿಗಳು ಒಂದನ್ನೊಂದು ಮುಟ್ಟಿ ಬಿಡುತ್ತಿರುತ್ತವೆ. ವರ್ಷಗಟ್ಟಲೆ ನಿಂತರೆ ಆ ತುದಿಗಳ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳು, ಆದರೆ ಕರೆಂಟ್ ದಾಟಲ್ಲ. ತೀರಾ ನಯವಾದ ಎಮರಿ ಪೇಪರನ್ನು ನಡುವೆ ತೂರಿಸಿ ಎರಡು ಸಲ ಎಳೆದು, ಆಮೇಲೆ ಬರೀ ದಪ್ಪ ಬಿಳಿ ಕಾಗದ ತೂರಿಸಿ ಒರೆಸಿ. ಕಾಗದದ ಮೇಲೆ ಬೂದು ಗೆರೆ ಬರುವುದು ನಿಲ್ಲುವ ತನಕ ಒರೆಸಿ. ಇಷ್ಟು ಮಾಡಿದ ಮೇಲೆ ಕಿಡಿ ಬಂದರೆ ಅರ್ಧ ಕೆಲಸ ಮುಗಿಯಿತು.

ಪೆಟ್ರೋಲ್ ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕು ಇದ್ದರೆ ಮೊದಲು ಅದನ್ನು ತೆಗೆಯಬೇಕು. ಇಲ್ಲವಾದರೆ ಕಾರ್ಬುರೇಟರ್ ಎಷ್ಟು ಸಲ ತೊಳೆದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಕಾರ್ಬುರೇಟರ್ ಒಳಗೆ ಹಳೇ ಪೆಟ್ರೋಲ್ ಒಣಗಿ ಕಂದು ಅಂಟು ಆಗಿರುತ್ತದೆ. ಕ್ಲೀನರಿನಲ್ಲಿ ನೆನೆಸಿ, ತೂತುಗಳಿಗೆ ಗಾಳಿ ಹೊಡೆಯಿರಿ. ತೂತಿಗೆ ಗಟ್ಟಿ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗೆ, ಅಳತೆ ಕೆಟ್ಟರೆ ಮತ್ತೆ ಸರಿ ಆಗಲ್ಲ. ಅಮೆರಿಕದ ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೇ ರಬ್ಬರನ್ನು ಹಾಳು ಮಾಡುತ್ತದೆ. ನಿಮ್ಮ ಕಾರ್ಬುರೇಟರಿನಲ್ಲಿ ಕಾರ್ಕಿನ ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುವ ತುಂಡು) ಇದ್ದರೆ ಅದರ ಮೇಲಿನ ಅರಗಿನ ಲೇಪವನ್ನೂ ಕರಗಿಸುತ್ತದೆ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಆಕ್ಟೇನ್ ಜಾಸ್ತಿ ಇರುವ ದುಬಾರಿ ಪೆಟ್ರೋಲ್ ಬೇಡ. ಇದು ಕಡಿಮೆ ಕಂಪ್ರೆಶನ್ನಿನ ಎಂಜಿನ್, ಮಾಮೂಲಿ 87 ಸಾಕು.

ಇನ್ನು ರೀಲ್. ಮೂವರಿನ ಜೀವ ಇರುವುದೇ ಅಲ್ಲಿ. ಈಗಿನ ರೋಟರಿ ಮೂವರ್ ಬೀಸುವ ವೇಗದಲ್ಲಿ ಹುಲ್ಲನ್ನು ಹೊಡೆದು ಹರಿಯುತ್ತದೆ. ರೀಲ್ ಮೂವರ್ ಕತ್ತರಿಯ ಹಾಗೆ ಕತ್ತರಿಸುತ್ತದೆ. ಸುರುಳಿಯಾಗಿ ತಿರುಗುವ ಬ್ಲೇಡುಗಳು, ಕೆಳಗೆ ಬೆಡ್‌ನೈಫ್ ಅನ್ನುವ ಅಲುಗಾಡದ ಒಂದು ಅಲಗು. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಹತ್ತಿರ ಎಡ್ವಿನ್ ಬಡ್ಡಿಂಗ್ ಮೊದಲ ಮೂವರ್ ಮಾಡಿದ್ದು, ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲೆದ್ದ ಎಳೆ ಕತ್ತರಿಸುವ ಮೆಷಿನ್ ನೋಡಿ. ನಿಮ್ಮ ರಿಯೋ ಕೆಲಸ ಮಾಡುವ ಬಗೆಯೂ ಅದೇ. ಎರಡೂ ಅಲಗು ಸರಿಯಾಗಿ ಕೂತರೆ ಹುಲ್ಲಿನ ತುದಿ ನೀಟಾಗಿ ಕತ್ತರಿಸುತ್ತದೆ, ಮರುದಿನ ಕಂದು ಬಣ್ಣಕ್ಕೆ ತಿರುಗಲ್ಲ.

ಒಂದು ಉದ್ದ ಕಾಗದದ ಪಟ್ಟಿ ತಗೊಳ್ಳಿ. ಕೈಗೆ ದಪ್ಪ ಗ್ಲೌಸ್ ಹಾಕಿ, ಪಟ್ಟಿಯನ್ನು ಬೆಡ್‌ನೈಫ್ ಮೇಲೆ ಇಟ್ಟು ರೀಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಎಡತುದಿಯಿಂದ ಬಲತುದಿಯವರೆಗೆ ಪ್ರತಿ ಬ್ಲೇಡಿನಲ್ಲೂ ನೋಡಿ. ಎಲ್ಲಿ ಕಾಗದ ಕತ್ತರಿಸದೆ ಮಡಚಿಕೊಳ್ಳುತ್ತದೋ ಅಲ್ಲಿ ಅಲಗು ಮೊಂಡು, ಅಥವಾ ಅಂತರ ಜಾಸ್ತಿ. ಮೊಂಡಾಗಿದ್ದರೆ ಬ್ಲೇಡಿಗೆ ಫೈಲ್ ಹಾಕಬೇಡಿ. ಡ್ರೈವ್ ಚೈನ್ ಬಿಚ್ಚಿ, ಅಲಗಿಗೆ ಬ್ರಶ್ಶಿನಿಂದ ಲ್ಯಾಪಿಂಗ್ ಪೇಸ್ಟ್ (ಅಲಗು ಮಸೆಯುವ ತರಿತರಿ ಪೇಸ್ಟ್) ಹಚ್ಚಿ, ರೀಲನ್ನು ಹಿಮ್ಮುಖ ತಿರುಗಿಸಬೇಕು. ಎರಡು ಅಲಗೂ ಒಂದಕ್ಕೊಂದು ಮಸೆದುಕೊಳ್ಳುತ್ತವೆ. ಮೊದಲು ಗರಗರ ಸದ್ದು, ಆಮೇಲೆ ಸದ್ದು ನುಣ್ಣಗಾಗುತ್ತದೆ. ಪೇಸ್ಟ್ ಪೂರ್ತಿ ತೊಳೆದು, ಬೆಡ್‌ನೈಫಿನ ಸ್ಕ್ರೂ ಎರಡೂ ಬದಿ ಸಮನಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಕಾಗದ ಇಟ್ಟು ನೋಡಿ. ತೀರಾ ಬಿಗಿ ಮಾಡಿದರೆ ಅಲಗು ಬಿಸಿಯಾಗಿ ಬೇಗ ಸವೆಯುತ್ತದೆ. ಈ ಕೆಲಸಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಅವಸರ ಮಾಡಿದವರ ಮೆಷಿನ್ ಹುಲ್ಲನ್ನು ಜಗಿಯುತ್ತದೆ.

ಬಿಡಿಭಾಗ ಹುಡುಕುವಾಗ ಮೂರಕ್ಷರ ಮಾತ್ರ ಟೈಪ್ ಮಾಡಬೇಡಿ. ಪ್ಲೇಟಿನ ಮೇಲಿನ ಮಾಡೆಲ್ ನಂಬರ್, ರೀಲ್ ಮೂವರ್ ಅನ್ನುವ ಪದ, ಜೊತೆಗೆ ಮೋಟಾರ್ ವೀಲ್ ಅಥವಾ ವೀಲ್ ಹಾರ್ಸ್ ಸೇರಿಸಿ. ಸ್ಪೀಡ್‌ವ್ಯಾಗನ್ ಪದಕ್ಕೆ ಮುಂಚೆ ಮೈನಸ್ ಗುರುತು ಹಾಕಿದರೆ ಬ್ಯಾಂಡಿನ ಪುಟಗಳು ಹೆಚ್ಚುಕಡಿಮೆ ಹೋಗುತ್ತವೆ. ವೀಲ್ ಹಾರ್ಸ್ ಟ್ರ್ಯಾಕ್ಟರ್ ಪ್ರಿಯರು ಹಳೇ ಕೈಪಿಡಿಗಳನ್ನು ಬಹಳ ಜತನದಿಂದ ಇಟ್ಟಿರುತ್ತಾರೆ. ಎಲ್ಲ ಭಾಗಕ್ಕೂ ರಿಯೋ ಮಾರ್ಕ್ ಬೇಕಾಗಿಲ್ಲ. ಬೇರಿಂಗ್, ಆಯಿಲ್ ಸೀಲ್, ಚೈನ್, ಪ್ಲಗ್ ಇವೆಲ್ಲ ಅಳತೆ ಕೊಟ್ಟರೆ ಮಾಮೂಲಿ ಅಂಗಡಿಯಲ್ಲೂ ಸಿಗಬಹುದು. ಗ್ಯಾಸ್ಕೆಟ್ಟನ್ನು ಗ್ಯಾಸ್ಕೆಟ್ ಪೇಪರಿನಿಂದ ನೀವೇ ಕತ್ತರಿಸಿಕೊಳ್ಳಿ. ರಿಯೋ ಎಂಜಿನ್ನಿನದೇ ಭಾಗ ಬೇಕಾದರೆ ಓಡದ ಇನ್ನೊಂದು ಮೂವರ್ ಕೊಳ್ಳುವುದೇ ಸುಲಭದ ದಾರಿ.

ಬಣ್ಣದ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ಹೊಸ ಪೇಂಟ್ ಬೇಡ. ಮೂಲ ಬಣ್ಣ ಒಂದು ಸಲ ಹೋದರೆ ಹೋಯಿತು. ಜೊತೆಗೆ ಆ ಕಾಲದ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಒಣ ಉಜ್ಜಿದರೆ ಪುಡಿ ಉಸಿರಿಗೆ ಹೋಗುತ್ತದೆ. ಸೋಪಿನ ನೀರಲ್ಲಿ ತೊಳೆದು ಮೇಣ ಹಚ್ಚಿ.

ಓಡಿಸುವ ಮುಂಚೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ತಳ್ಳಿಕೊಂಡು ಹೋಗುವ ರೋಟರಿ ಮೂವರುಗಳಿಗೆ 1982ರಿಂದ ಒಂದು ನಿಯಮ ಇದೆ. ಹಿಡಿ ಬಿಟ್ಟರೆ ಬ್ಲೇಡ್ ಮೂರು ಸೆಕೆಂಡಿನೊಳಗೆ ನಿಲ್ಲಬೇಕು. ನಿಮ್ಮದು ಅದಕ್ಕಿಂತ ಬಹಳ ಹಳೆಯದು, ರೀಲ್ ಬೇರೆ. ನೀವು ಕೈ ಬಿಟ್ಟರೂ ಅದು ಮುಂದೆ ಹೋಗುತ್ತಲೇ ಇರುತ್ತದೆ. ಕ್ಲಚ್ ಬಿಡಿಸುವುದು, ಎಂಜಿನ್ ಆಫ್ ಮಾಡುವುದು ಎರಡನ್ನೂ ನಿಂತಲ್ಲೇ ಅಭ್ಯಾಸ ಮಾಡಿಕೊಳ್ಳಿ. ಮಕ್ಕಳು ಒಳಗಿರಲಿ. ಹುಲ್ಲಿನಲ್ಲಿ ಕಲ್ಲು, ಕಡ್ಡಿ, ತಂತಿ ಇದ್ದರೆ ಮೊದಲೇ ಆರಿಸಿ. ಒಂದು ಕಲ್ಲು ಸಿಕ್ಕರೂ ಅರ್ಧ ದಿನ ಮಸೆದ ಅಲಗು ಹೋಗುತ್ತದೆ. ಎತ್ತರಕ್ಕೆ ಬೆಳೆದ ಹುಲ್ಲನ್ನು ರೀಲ್ ಬಗ್ಗಿಸಿ ಬಿಡುತ್ತದೆ, ಕತ್ತರಿಸಲ್ಲ. ಹಾಗಾಗಿ ಹುಲ್ಲು ಚಿಕ್ಕದಿರುವಾಗಲೇ ಆಗಾಗ ಓಡಿಸಿ. ಪ್ರತಿ ಸಲ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ.

ಮೊದಲ ಸಲ ಸ್ಟಾರ್ಟ್ ಆದಾಗ ಬಿಳಿ ಹೊಗೆ ಬರುತ್ತದೆ. ನೀವು ಸಿಲಿಂಡರಿಗೆ ಬಿಟ್ಟ ಆಯಿಲ್ ಅದು, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಗ್ಯಾರೇಜಿನೊಳಗೆ ಮಾತ್ರ ಸ್ಟಾರ್ಟ್ ಮಾಡಬೇಡಿ, ಬಯಲಿಗೆ ತನ್ನಿ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ತಣ್ಣಗಾದ ಮೇಲೆ ನಟ್ಟು ಬೋಲ್ಟೆಲ್ಲ ಒಂದು ಸಲ ಬಿಗಿ ಮಾಡಿ. ಆ ಆಯಿಲನ್ನೂ ಇಳಿಸಿ ಹೊಸದು ಹಾಕಿ. ಒಳಗಿನ ಹಳೇ ಜಿಡ್ಡು ಅದರಲ್ಲೇ ಬಂದಿರುತ್ತದೆ.